ರಾಜಕುಮಾರನ ಕಾರು, ಗುಯಿಜ್ಜಾರ್ದಿಯ ಕೈ

ಇಟಲಿಯ ಟ್ಯೂರಿನ್ ನಗರದ ಮೋಟಾರು ಮ್ಯೂಸಿಯಂನಲ್ಲಿ 1907ರ ಒಂದು ಇಟಾಲಾ ಕಾರಿದೆ. ಒರೆಸಿ, ಬಣ್ಣ ಬಳಿದು, ದೀಪ ಹಾಕಿ ನಿಲ್ಲಿಸಿದ್ದಾರೆ. ಅದರ ಇಂಜಿನ್ ನಾಲ್ಕು ಸಿಲಿಂಡರಿನದು, ಸುಮಾರು 7.4 ಲೀಟರ್. ಅಂದರೆ ಇವತ್ತು ನಮ್ಮ ರಸ್ತೆಯಲ್ಲಿ ಓಡಾಡುವ ಒಂದು ಸಣ್ಣ ಕಾರಿನ ಆರೇಳು ಪಟ್ಟು. ಇಷ್ಟು ದೊಡ್ಡ ಇಂಜಿನ್ ಇಟ್ಟುಕೊಂಡೂ ಅದು ಕೊಡ್ತಿದ್ದ ಶಕ್ತಿ ನಲವತ್ತು ಅಶ್ವಶಕ್ತಿಯ ಆಚೀಚೆ. ಈ ಕಾರು 1907ರ ಜೂನ್ 10ರಂದು ಪೀಕಿಂಗ್‌ನಿಂದ ಹೊರಟು ಆಗಸ್ಟ್ 10ರಂದು ಪ್ಯಾರಿಸ್ ಮುಟ್ಟಿತು. ನಡುವೆ ಗೋಬಿ ಮರುಭೂಮಿ, ಸೈಬೀರಿಯ, ಯೂರಲ್ ಪರ್ವತ. ಸುಮಾರು 15,000 ಕಿಲೋಮೀಟರ್, ಅದರಲ್ಲಿ ಬಹುಪಾಲು ರಸ್ತೆಯೇ ಇಲ್ಲದ ನೆಲ.

ಹಳೇ ಕಾರುಗಳನ್ನ ಮಣ್ಣಿಗಿಳಿಸಬೇಕಾ, ಗಾಜಿನ ಹಿಂದೆ ಇಡಬೇಕಾ ಅನ್ನೋ ಜಗಳ ಜಗತ್ತಿನಾದ್ಯಂತ ಇದೆ. ನಮ್ಮಲ್ಲೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತೆ. ಆದರೆ ಅದನ್ನ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು. ದಿನಬಳಕೆಗೆ ಇಲ್ಲ. ಕಾನೂನಿನ ಕಣ್ಣಿಗೆ ಹಳೇ ಕಾರು ಅಂದ್ರೆ ಶೋಪೀಸ್. ನಾನು ಓಡಿಸಬೇಕು ಅನ್ನುವ ಪಕ್ಷದವನು. ಆದರೆ ಯಾಕೆ ಅಂತ ಹೇಳೋಕೆ ಆ ಇಟಾಲಾದ ಯಜಮಾನನ ಕಥೆ ಬೇಕು, ಮತ್ತು ಆ ಕಥೆಯಲ್ಲಿ ಸದಾ ಹಿಂದಿನ ಸೀಟಿಗೆ ತಳ್ಳಲ್ಪಟ್ಟ ಇನ್ನೊಬ್ಬನದು.

ಶಿಪಿಯೋನೆ ಬೋರ್ಗೇಸೆ ಹುಟ್ಟಿದ್ದು 1871ರಲ್ಲಿ. ಬೋರ್ಗೇಸೆ ಅಂದರೆ ರೋಮಿನ ಸಾಮಾನ್ಯ ಮನೆತನವಲ್ಲ. ಹದಿನೇಳನೇ ಶತಮಾನದಲ್ಲಿ ಆ ಮನೆಯವನೊಬ್ಬ ಐದನೇ ಪಾಲ್ ಎಂಬ ಹೆಸರಲ್ಲಿ ಪೋಪ್ ಆದ. ಆ ಪೋಪನ ಸೋದರಳಿಯ ಒಬ್ಬ ಕಾರ್ಡಿನಲ್, ಅವನ ಹೆಸರೂ ಶಿಪಿಯೋನೆ. ಬೆರ್ನಿನಿಯ ಕೈಲಿ ಶಿಲ್ಪ ಕೆತ್ತಿಸಿದವನು, ಕರವಾಜ್ಜೋನ ಚಿತ್ರ ಕೂಡಿಹಾಕಿದವನು. ಅದೇ ಇವತ್ತಿನ ಬೋರ್ಗೇಸೆ ಗ್ಯಾಲರಿ. ನಮ್ಮ ಶಿಪಿಯೋನೆಗೆ ಇಪ್ಪತ್ತು ವರ್ಷ ಆಗುವ ಹೊತ್ತಿಗೆ ಈ ವೈಭವವೆಲ್ಲ ಕುಸಿದಿತ್ತು. ರೋಮ್ ಹೊಸ ಇಟಲಿಯ ರಾಜಧಾನಿಯಾದ ಮೇಲೆ ಎದ್ದ ರಿಯಲ್ ಎಸ್ಟೇಟ್ ಗುಳ್ಳೆ ಒಡೆದಾಗ ಮನೆತನ ದಿವಾಳಿಯಾಯಿತು. (ಬೆಂಗಳೂರಿನವರಿಗೆ ಇದನ್ನ ಹೆಚ್ಚು ವಿವರಿಸೋದು ಬೇಡ.) ಕೊನೆಗೆ 1902ರ ಹೊತ್ತಿಗೆ ಬಂಗಲೆ, ತೋಟ, ಚಿತ್ರ, ಶಿಲ್ಪ ಎಲ್ಲವನ್ನೂ ಸರ್ಕಾರ ಕೊಂಡುಕೊಂಡಿತು. ತೋಟ ಸಾರ್ವಜನಿಕ ಪಾರ್ಕ್ ಆಯಿತು. ಅಂದರೆ ಈತ ತನ್ನ ಮನೆಯೇ ಮ್ಯೂಸಿಯಂ ಆದದ್ದನ್ನ ಕಣ್ಣಾರೆ ಕಂಡ ಮನುಷ್ಯ.

ಅದಕ್ಕೇ ಇರಬೇಕು, ಆತ ನಿಂತಲ್ಲಿ ನಿಲ್ಲಲಿಲ್ಲ ಅಂತ ನನ್ನ ಊಹೆ. 1900ರಲ್ಲಿ ಮಧ್ಯ ಏಷ್ಯಾದ ತಿಯಾನ್ ಶಾನ್ ಪರ್ವತಗಳಿಗೆ ಹೋದ. ಜೊತೆಗೆ ಆ ಕಾಲದ ಹೆಸರಾಂತ ಆಲ್ಪ್ಸ್ ಗೈಡ್ ಮತ್ತಿಯಾಸ್ ಜುರ್‌ಬ್ರಿಗ್ಗೆನ್ ಇದ್ದ. ಸಿರಿಯಾ, ಬ್ಯಾಬಿಲೋನ್ ಕಡೆ ತಿರುಗಿ ಬಂದು 1903ರಲ್ಲಿ ಪುಸ್ತಕ ಬರೆದ. ರಾಜಕೀಯದಲ್ಲೂ ತನ್ನ ವರ್ಗದ ಜೊತೆ ಕೂರಲಿಲ್ಲ. ಪೋಪನ ವಂಶದವನಾಗಿಯೂ ಇಟಲಿಯ ಸಂಸತ್ತಿನಲ್ಲಿ ರ‍್ಯಾಡಿಕಲ್ ಪಕ್ಷದ ಸದಸ್ಯನಾಗಿದ್ದ. ಇಲ್ಲೊಂದು ಮಾತು. 1970ರಲ್ಲಿ ಇಟಲಿಯಲ್ಲಿ ಮಿಲಿಟರಿ ದಂಗೆಗೆ ಸಂಚು ಹೂಡಿದ ಫ್ಯಾಸಿಸ್ಟ್ ಬೋರ್ಗೇಸೆ ಒಬ್ಬನಿದ್ದಾನೆ, ಜೂನಿಯೋ ವಲೇರಿಯೋ. ಗೂಗಲ್ ಮಾಡಿದರೆ ಮೊದಲು ಸಿಗೋನು ಅವನೇ. ಅವನು ಈತನ ತಮ್ಮನ ಮಗ. ದೊಡ್ಡಪ್ಪ ರ‍್ಯಾಡಿಕಲ್, ಮಗ ಫ್ಯಾಸಿಸ್ಟ್. ಒಂದೇ ಮನೆ.

ಇನ್ನು ರೇಸ್. 1907ರ ಜನವರಿ 31ರಂದು ಪ್ಯಾರಿಸ್‌ನ ಲ ಮಾತಾಂ ಪತ್ರಿಕೆ ಒಂದು ಸವಾಲು ಹಾಕಿತು. ಕಾರು ಇದ್ದರೆ ಮನುಷ್ಯ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನೋದನ್ನ ಪೀಕಿಂಗ್‌ನಿಂದ ಪ್ಯಾರಿಸ್‌ವರೆಗೆ ಓಡಿಸಿ ತೋರಿಸಿ, ಅಂತ. ಹೆಸರು ಕೊಟ್ಟವರು ಸುಮಾರು 40 ಮಂದಿ. ಪೀಕಿಂಗ್ ತಲುಪಿದ್ದು ಬರೀ ಐದು ಕಾರು: ಬೋರ್ಗೇಸೆಯ ಇಟಾಲಾ, ಡಚ್ಚರ ಸ್ಪೈಕರ್, ಎರಡು ದ ದಿಯೋಂ-ಬುತೋಂ, ಮತ್ತು ಆರು ಅಶ್ವಶಕ್ತಿಯ ಕಾಂತಾಲ್ ಅನ್ನೋ ಮೂರು ಚಕ್ರದ ಗಾಡಿ. ನಮ್ಮ ಆಟೋರಿಕ್ಷಾದಲ್ಲಿ ಗೋಬಿ ದಾಟಲು ಹೊರಟಂತೆ ಅಂದುಕೊಳ್ಳಿ. ಬಹುಮಾನ ಒಂದು ದೊಡ್ಡ ಬಾಟಲಿ ಶಾಂಪೇನ್, ಅಷ್ಟೇ.

ಚೀನಾ ಸರ್ಕಾರ ಪಾಸ್‌ಪೋರ್ಟ್ ಕೊಡಲು ತುಂಬಾ ಸತಾಯಿಸಿತು. ಈ ಯುರೋಪಿಯನ್ನರು ಸೈನ್ಯ ನುಗ್ಗಿಸಲು ದಾರಿ ಅಳೀತಿದ್ದಾರೆ ಅನ್ನೋ ಅನುಮಾನ. ಪಾಶ್ಚಾತ್ಯ ಬರಹಗಳಲ್ಲಿ ಇದನ್ನ ಹಾಸ್ಯದಂತೆ ಹೇಳ್ತಾರೆ. ನನಗೆ ನಗು ಬರಲಿಲ್ಲ. ಬಾಕ್ಸರ್ ದಂಗೆ ಹತ್ತಿಕ್ಕಲು ಎಂಟು ದೇಶಗಳ ಸೈನ್ಯ ಪೀಕಿಂಗ್‌ಗೆ ನುಗ್ಗಿ, ಊರನ್ನ ಲೂಟಿ ಮಾಡಿ ಆಗಿನ್ನೂ ಏಳೇ ವರ್ಷ. ಆ ಎಂಟರಲ್ಲಿ ಇಟಲಿಯೂ ಒಂದು, ಫ್ರಾನ್ಸೂ ಒಂದು. ರೇಸ್ ಹೊರಟದ್ದು ಫ್ರೆಂಚ್ ರಾಯಭಾರ ಕಚೇರಿಯಿಂದ. ಅನುಮಾನ ಪಡದೆ ಇದ್ದಿದ್ದರೆ ಆಶ್ಚರ್ಯ ಪಡಬೇಕಿತ್ತು.

ಬೋರ್ಗೇಸೆ ಗೆದ್ದದ್ದು ಧೈರ್ಯದಿಂದ ಅನ್ನೋದಕ್ಕಿಂತ ತಯಾರಿಯಿಂದ. ರೇಸಿಗೆ ಮೊದಲೇ ಕುದುರೆ ಏರಿ ಪೀಕಿಂಗ್‌ನ ಉತ್ತರದ ಕಣಿವೆಗಳನ್ನ ಸುತ್ತಿ ಬಂದ. ಕೈಯಲ್ಲಿ ಕಾರಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಒಂದು ಬಿದಿರು ಗಳ. ಬಂಡೆಗಳ ಸಂದಿನಲ್ಲಿ ಗಳ ಹಿಡಿಸಿದರೆ ಕಾರೂ ಹಿಡಿಸುತ್ತೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕಸ್ಥ ಸರ್ವೇ ಉಪಕರಣ ನನ್ನ ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ಯಾರೂ ಹೇಳಿಕೊಡಲಿಲ್ಲ. ದಾರಿಯುದ್ದಕ್ಕೂ ಪೆಟ್ರೋಲು, ಎಣ್ಣೆ ಮೊದಲೇ ಸಂಗ್ರಹಿಸಿಡಿಸಿದ. ಗೋಬಿಯ ಭಾಗಕ್ಕೆ ಅದು ಹೋದದ್ದು ಒಂಟೆಗಳ ಮೇಲೆ. ಕಾರಿನ ಮಡ್‌ಗಾರ್ಡ್‌ಗಳನ್ನ ಉದ್ದನೆಯ ಲೋಹದ ಪಟ್ಟಿಗಳಾಗಿ ಮಾಡಿಸಿದ್ದ. ಕಳಚಿ ನೆಲಕ್ಕೆ ಹಾಸಿದರೆ ಅವೇ ಸೇತುವೆ.

ಹಾಗಿದ್ದೂ ಮೊದಲ ಕೆಲವು ದಿನ ಕಾರು ಓಡಲೇ ಇಲ್ಲ, ಎಳೆಸಿಕೊಂಡಿತು. ನಾನ್‌ಕೌ ಕಣಿವೆಯಿಂದ ಕಲ್ಗಾನ್‌ವರೆಗಿನ ಬೆಟ್ಟಗಳಲ್ಲಿ ಚೀನೀ ಕೂಲಿಗಳು, ಹೇಸರಗತ್ತೆಗಳು ಹಗ್ಗ ಕಟ್ಟಿ ಬಂಡೆಗಳ ಮೇಲೆ ಎಳೆದರು. ಇಳಿಜಾರಿನಲ್ಲಿ ಅದೇ ಕೂಲಿಗಳು ಹಿಂದಿನಿಂದ ಹಗ್ಗ ಹಿಡಿದು ಬ್ರೇಕಿನ ಕೆಲಸ ಮಾಡಿದರು. ಮನುಷ್ಯನಿಗೆ ಕಾರು ಸ್ವಾತಂತ್ರ್ಯ ಕೊಡುತ್ತೆ ಅಂತ ಸಾಬೀತು ಮಾಡಲು ಹೊರಟ ರೇಸಿನ ಆರಂಭ ಇದು. ಅವರಲ್ಲಿ ಒಬ್ಬರ ಹೆಸರೂ ರೇಸಿನ ಇತಿಹಾಸದಲ್ಲಿ ಇಲ್ಲ.

ಈಗ ಎತ್ತೊರೆ ಗುಯಿಜ್ಜಾರ್ದಿ. ಇವನ ಅಪ್ಪ ರೈಲು ಇಂಜಿನ್ ಚಾಲಕ. ಬೋರ್ಗೇಸೆಯ ಎಸ್ಟೇಟಿನ ಬಳಿ ನಡೆದ ರೈಲು ಅಪಘಾತದಲ್ಲಿ ತೀರಿಕೊಂಡ. ಅನಾಥನಾದ ಹುಡುಗನನ್ನ ರಾಜಕುಮಾರ ತನ್ನ ಬಳಿ ಇಟ್ಟುಕೊಂಡ, ಮೆಕ್ಯಾನಿಕ್ ಆಗಿ ತಯಾರು ಮಾಡಿದ. ಪೀಕಿಂಗ್‌ನಿಂದ ಪ್ಯಾರಿಸ್‌ವರೆಗೆ ಸ್ಟಿಯರಿಂಗ್ ಹೆಚ್ಚು ಹೊತ್ತು ಇದ್ದದ್ದು ಇವನ ಕೈಯಲ್ಲೇ. ರಾತ್ರಿ ಉಳಿದವರು ಮಲಗಿದಾಗ ಕಾರು ಬಿಚ್ಚಿ ಜೋಡಿಸುತ್ತಿದ್ದವನೂ ಇವನೇ. ಬಿಡುವಿದ್ದಾಗ ಕಾರಿನ ಕೆಳಗೆ ಅಂಗಾತ ಮಲಗಿ ಒಂದೊಂದೇ ಸ್ಕ್ರೂ, ಒಂದೊಂದೇ ನಟ್ಟು ನೋಡುತ್ತಾ ಇದ್ದುಬಿಡುತ್ತಿದ್ದನಂತೆ. ಗ್ಯಾರೇಜಿನಲ್ಲಿ ದಿನ ಕಳೆದವರಿಗೆ ಇದು ಅರ್ಥವಾಗುತ್ತೆ. ಅದು ಸೋಮಾರಿತನವಲ್ಲ, ಓದು.

ಇದು ನಮಗೆ ಗೊತ್ತಾದದ್ದು ಮೂರನೇ ಪ್ರಯಾಣಿಕನಿಂದ. ಕೊರಿಯೆರೆ ದೆಲ್ಲಾ ಸೆರಾ ಪತ್ರಿಕೆಯ ವರದಿಗಾರ ಲುಯಿಜಿ ಬಾರ್ಜೀನಿ. ಗೋಬಿಯ ನಡುವೆ ಒಂದು ಒಂಟಿ ಟೆಲಿಗ್ರಾಫ್ ಕಚೇರಿ ಸಿಕ್ಕಿತು, ಪಾಂಗ್‌ಕಿಯಾಂಗ್ ಎಂಬಲ್ಲಿ. ಅಲ್ಲಿಂದ ಇವನು ವರದಿ ಕಳಿಸಿದಾಗ ಫಾರಂ ಮೇಲೆ ಒಂದನೇ ನಂಬರ್ ಬಿತ್ತು. ಇವತ್ತಿನ ಮೊದಲ ಟೆಲಿಗ್ರಾಂ ನಂದೇ ಅಂದುಕೊಂಡ. ಆಮೇಲೆ ಗೊತ್ತಾಯಿತು, ಆ ಕಚೇರಿ ತೆರೆದು ಆರು ವರ್ಷದಲ್ಲಿ ಅದೇ ಮೊದಲ ಟೆಲಿಗ್ರಾಂ. ಪತ್ರಕರ್ತರ ಅದೃಷ್ಟ ಅಂದ್ರೆ ಇದು. ಒಳ್ಳೆಯ ಕಣ್ಣಿದ್ದ ಮನುಷ್ಯ. ಮುಂದೆ ಫ್ಯಾಸಿಸಂ ಪರ ಸಹಿ ಹಾಕಿದ, ಮುಸೊಲಿನಿಯ ಕಾಲದಲ್ಲಿ ಸೆನೆಟರ್ ಆದ ಅನ್ನೋದೂ ಅಷ್ಟೇ ನಿಜ. ಒಳ್ಳೆಯ ಕಣ್ಣು ಒಳ್ಳೆಯ ರಾಜಕೀಯ ಕೊಡಲೇಬೇಕು ಅಂತೇನಿಲ್ಲ.

ಸೈಬೀರಿಯದ ಕೆಸರಿಗೆ ಇಟಾಲಾ ಸೋಲುವುದರಲ್ಲಿತ್ತು. ರಸ್ತೆ ಇರಲಿಲ್ಲ, ಹಳೇ ಬಂಡಿದಾರಿ ರೈಲು ಬಂದ ಮೇಲೆ ಪಾಳು ಬಿದ್ದಿತ್ತು. ಬೈಕಾಲ್ ಸರೋವರದ ಬಳಿ ಒಂದು ಮರದ ಸೇತುವೆ ಕಾರಿನ ಭಾರಕ್ಕೆ ಮುರಿದು, ಹಿಂಭಾಗ ಮೊದಲಾಗಿ ಕಾರು ಕೆಳಕ್ಕೆ ಕುಸಿಯಿತು. ಮುಖ ಆಕಾಶಕ್ಕೆ ಮಾಡಿ ನಿಂತ ಆ ಕಾರಿನ ಫೋಟೋ ಇವತ್ತಿಗೂ ಪ್ರಸಿದ್ಧ. ರೈಲ್ವೆ ಕೆಲಸಗಾರರು ಬಂದು ಎತ್ತಿದರು. ಇಂಜಿನ್ ಮತ್ತೆ ಶುರುವಾಯಿತು. ಬೋರ್ಗೇಸೆ ಅಧಿಕಾರಿಗಳಿಂದ ಅನುಮತಿ ತರಿಸಿ ಟ್ರಾನ್ಸ್-ಸೈಬೀರಿಯನ್ ರೈಲು ಹಳಿಯ ಮೇಲೆಯೇ ಕಾರು ಓಡಿಸಿದ, ಒಂದು ಬದಿಯ ಚಕ್ರ ಹಳಿಗಳ ನಡುವೆ, ಇನ್ನೊಂದು ಬದಿಯದು ಹೊರಗೆ, ಸ್ಲೀಪರ್‌ಗಳ ಮೇಲೆ ಕುಲುಕುತ್ತಾ. ರೈಲು ಬರುವ ಸಮಯ ನೋಡಿಕೊಂಡು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಕ್ರದ ಪ್ರಸಂಗ. ಆ ಕಾಲದ ಕಾರಿನ ಚಕ್ರ ಮರದ್ದು. ಒಣಹವೆಗೆ ಮರ ಕುಗ್ಗಿ ಕಡ್ಡಿಗಳು ಸಡಿಲವಾದವು. ಸ್ನಾನದ ಮನೆಯಲ್ಲಿ ರಾತ್ರಿಯಿಡೀ ನೀರಲ್ಲಿ ನೆನೆಸಿ ಮರ ಉಬ್ಬಿಸಿದರು. ಎತ್ತಿನ ಗಾಡಿ ಕಂಡ ನಮ್ಮ ಅಜ್ಜಂದಿರಿಗೆ ಇದು ಗೊತ್ತಿದ್ದ ವಿದ್ಯೆಯೇ. ಅದೂ ಸಾಲದೆ ಯೂರಲ್ ಕಡೆ ಚಕ್ರ ಪೂರ್ತಿ ಹೋದಾಗ ಒಬ್ಬ ರಷ್ಯನ್ ಹಳ್ಳಿಯ ಬಡಗಿ ಕೊಡಲಿ ಹಿಡಿದು ಹೊಸ ಚಕ್ರ ಮಾಡಿಕೊಟ್ಟ. ಟ್ಯೂರಿನ್‌ನಲ್ಲಿ ತಯಾರಾದ ಅತ್ಯಾಧುನಿಕ ಯಂತ್ರ ಕೊಡಲಿಯಲ್ಲಿ ಕೆತ್ತಿದ ಚಕ್ರದ ಮೇಲೆ ಮುಂದಕ್ಕೆ ಹೋಯಿತು. ಮಾಸ್ಕೋ ಮುಟ್ಟಿದ ಮೇಲೆ ಬೋರ್ಗೇಸೆಗೆ ಎಷ್ಟು ಭರವಸೆ ಅಂದರೆ, ಔತಣ ಇದೆ ಅಂತ ದಾರಿ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ ಬಂದ. ಆದರೂ ಉಳಿದವರಿಗಿಂತ ಇಪ್ಪತ್ತು ದಿನ ಮೊದಲೇ ಪ್ಯಾರಿಸ್‌ನಲ್ಲಿದ್ದ.

ಬೋರ್ಗೇಸೆ 1927ರಲ್ಲಿ ತೀರಿಕೊಂಡ. ಗಂಡುಮಕ್ಕಳಿಲ್ಲದೆ ಪದವಿ ತಮ್ಮನಿಗೆ ಹೋಯಿತು. ಇಟಾಲಾ ಕಂಪನಿ 1934ರಲ್ಲಿ ಮುಚ್ಚಿತು. ಕಾರು ಉಳಿಯಿತು, ಮ್ಯೂಸಿಯಂ ಸೇರಿತು.

ಆ ಒಂದು ಕಾರನ್ನ ಮತ್ತೆ ಗೋಬಿಗೆ ಬಿಡಿ ಅಂತ ನಾನು ಹೇಳಲ್ಲ. ಜಗತ್ತಿನಲ್ಲಿ ಅಂಥದ್ದು ಒಂದೇ ಇರೋದು. ಓಡಿಸಿದಷ್ಟೂ ಮೂಲ ಭಾಗಗಳು ಸವೆದು ಬದಲಾಗ್ತವೆ, ಸಾಕ್ಷ್ಯ ಹೋಗುತ್ತೆ. ಆದರೆ ನಿಲ್ಲಿಸಿಟ್ಟರೂ ಕಾರು ಸಾಯುತ್ತೆ ಅನ್ನೋದನ್ನ ಮ್ಯೂಸಿಯಂ ವಾದಿಗಳು ಮರೀತಾರೆ. ಪೆಟ್ರೋಲು ಅಂಟಾಗುತ್ತೆ, ಸೀಲುಗಳು ಒಣಗುತ್ತವೆ, ಎಣ್ಣೆ ಹರಿಯದ ಲೋಹಕ್ಕೆ ತುಕ್ಕು ಹಿಡಿಯುತ್ತೆ. ಅದಕ್ಕಿಂತ ಮುಖ್ಯವಾಗಿ, ಚಕ್ರ ನೆನೆಸುವ ವಿದ್ಯೆ ಗಾಜಿನ ಹಿಂದೆ ಉಳಿಯಲ್ಲ. ದೀಪದ ಕೆಳಗೆ ನಿಂತ ಕಾರಿನ ಫಲಕದಲ್ಲಿ ರಾಜಕುಮಾರನ ಹೆಸರು ಇರುತ್ತೆ. ಕೆಸರಲ್ಲಿ ಹೂತ ಕಾರು ಮಾತ್ರ ಗುಯಿಜ್ಜಾರ್ದಿಯನ್ನ ಕೇಳುತ್ತೆ.

ಇದನ್ನ ಮಾಡುತ್ತಿರುವವರಿದ್ದಾರೆ. ಮಹಾಯುದ್ಧಗಳು, ಕ್ರಾಂತಿಗಳು, ಮುಚ್ಚಿದ ಗಡಿಗಳೆಲ್ಲ ಮುಗಿದು 1997ರಲ್ಲಿ ಹಳೇ ಕಾರುಗಳ ಪೀಕಿಂಗ್–ಪ್ಯಾರಿಸ್ ರ‍್ಯಾಲಿ ಮತ್ತೆ ನಡೆಯಿತು. ಆ ಸಲ ದಾರಿ ಟಿಬೆಟ್, ನೇಪಾಳದಿಂದ ಇಳಿದು ನಮ್ಮ ದೇಶದ ಮೂಲಕವೇ ಹಾದು ಪಾಕಿಸ್ತಾನ, ಇರಾನ್ ಕಡೆ ಹೋಯಿತು. ಗೆದ್ದದ್ದು 1942ರ ಒಂದು ವಿಲ್ಲೀಸ್ ಜೀಪ್. ಶತಮಾನೋತ್ಸವದ 2007ರಲ್ಲಿ ಮತ್ತೆ ಗೋಬಿಯ ದಾರಿ ಹಿಡಿದರು. ಆಮೇಲೂ ಕೆಲವು ವರ್ಷಕ್ಕೊಮ್ಮೆ ನಡೀತಿದೆ. ಇದು ಶ್ರೀಮಂತರ ಆಟ, ಅದರಲ್ಲಿ ಎರಡು ಮಾತಿಲ್ಲ. ಪ್ರವೇಶ ಶುಲ್ಕ ಕಟ್ಟೋಕೇ ನಮ್ಮಂಥವರು ಮನೆ ಮಾರಬೇಕು. 1907ರಲ್ಲೂ ಹಾಗೇ ಇತ್ತು. ಸ್ಪೈಕರ್ ಓಡಿಸಿದ ಶಾರ್ಲ್ ಗೊದಾರ್ ಕೈಯಲ್ಲಿ ಕಾಸಿರಲಿಲ್ಲ, ಕಂಪನಿ ಕೊಟ್ಟ ಬಿಡಿಭಾಗಗಳನ್ನ ಮಾರಿ ಪೀಕಿಂಗ್‌ಗೆ ಹಡಗಿನ ಟಿಕೆಟ್ ಕೊಂಡಿದ್ದ. ರೇಸ್ ಮುಗಿಯುವ ಮೊದಲೇ ವಂಚನೆ ಆರೋಪದಲ್ಲಿ ಪೊಲೀಸರು ಹಿಡಿದರು. ರಾಜಕುಮಾರನಿಗೆ ಸಾಹಸ, ಬಡವನಿಗೆ ಕೇಸು.

ಮೂರು ಚಕ್ರದ ಕಾಂತಾಲ್‌ನ ವಿಷಯ ಹೇಳಲೇ ಇಲ್ಲ. ಅದರ ಚಾಲಕ ಒಗುಸ್ತ್ ಪೋಂಸ್ ಗೋಬಿಯಲ್ಲಿ ಪೆಟ್ರೋಲು ಖಾಲಿಯಾಗಿ ಸಿಕ್ಕಿಬಿದ್ದ. ಉಳಿದ ಕಾರುಗಳು ಮುಂದೆ ಹೋಗಿದ್ದವು. ಅವನೂ ಅವನ ಜೊತೆಗಾರನೂ ಸಾಯುವ ಸ್ಥಿತಿ ತಲುಪಿದಾಗ ಅಲ್ಲಿನ ಜನ ಕಂಡು ಉಳಿಸಿದರು. ಗಾಡಿಯನ್ನ ಅಲ್ಲೇ ಬಿಟ್ಟು ಬಂದ, ಅದು ಮತ್ತೆಂದೂ ಸಿಗಲಿಲ್ಲ, ಯಾವ ಮ್ಯೂಸಿಯಂಗೂ ಹೋಗಲಿಲ್ಲ. ಮುಂದಿನ ವರ್ಷ, 1908ರಲ್ಲಿ, ನ್ಯೂಯಾರ್ಕ್‌ನಿಂದ ಪ್ಯಾರಿಸ್‌ಗೆ ಇನ್ನೊಂದು ರೇಸ್ ಶುರುವಾದಾಗ ಇನ್ನೊಂದು ಪುಟ್ಟ ಕಾರು ಹಿಡಿದು ಪೋಂಸ್ ಮತ್ತೆ ಸಾಲಿನಲ್ಲಿ ನಿಂತಿದ್ದ.