ವಾರಣಾಶಿ ಸುಬ್ರಾಯ ಭಟ್: ತೋಟದ ಬೆಳೆಗೆ ಮಾರುಕಟ್ಟೆ ಕಟ್ಟಿದ ಕೃಷಿಕ

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ರೈತ ಬಾಂಧವರೇ, ಅಡಿಕೆ ಮಾರಲು ಹೊರಡುವ ಮುನ್ನ ನೀವು ಆ ದಿನದ ಕ್ಯಾಂಪ್ಕೋ ಧಾರಣೆಯನ್ನು ವಿಚಾರಿಸುತ್ತೀರಿ. ವರ್ತಕರು ಹೇಳುವ ದರವನ್ನು ಅದರೊಂದಿಗೆ ತೂಗಿ ನೋಡಿದ ಮೇಲೆಯೇ ಮಾರಾಟದ ನಿರ್ಧಾರ ಕೈಗೊಳ್ಳುತ್ತೀರಿ. ಈ ಅನುಕೂಲವು ತಾನಾಗಿ ಒದಗಿ ಬಂದುದಲ್ಲ. ಇದರ ಹಿಂದೆ ಕ್ಯಾಂಪ್ಕೋ ಸ್ಥಾಪಕಾಧ್ಯಕ್ಷರಾದ ವಾರಣಾಶಿ ಸುಬ್ರಾಯ ಭಟ್ಟರ ದೂರದೃಷ್ಟಿಯೂ ಪರಿಶ್ರಮವೂ ಇವೆ. ಹೊಸ ಹೊಸ ಹಣ್ಣಿನ ಬೆಳೆಗಳ ಬಗ್ಗೆ ನೀವು ಆಲೋಚಿಸುತ್ತಿರುವ ಈ ದಿನಗಳಲ್ಲಿ ಅವರ ಕಾರ್ಯವನ್ನು ಅರಿಯುವುದು ಪ್ರಯೋಜನಕರ.

ಗಡಿನಾಡಿನ ಕೃಷಿಕ

ಭಟ್ಟರು ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದವರು. ವಿಟ್ಲದಿಂದ ಪೆರ್ಲದತ್ತ ಸಾಗುವ ದಾರಿಯಲ್ಲಿರುವ ಈ ಊರಿನಿಂದ ಕೇರಳದ ಗಡಿ ಸಮೀಪದಲ್ಲಿಯೇ ಇದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಗುಡ್ಡದ ತಪ್ಪಲಿನ ಅಡಿಕೆ ತೋಟಗಳು ಎರಡು ಆಡಳಿತಗಳ ಪಾಲಾದವು. ಆದರೆ ಬೆಳೆ, ಬೆಳೆಗಾರರ ಕಷ್ಟಸುಖ, ಅಡಿಕೆಯನ್ನು ಕೊಳ್ಳುವ ಉತ್ತರ ಭಾರತದ ಪೇಟೆಗಳು ಎಲ್ಲವೂ ಒಂದೇ ಆಗಿದ್ದವು. ಗಡಿಯ ಎರಡೂ ಬದಿಯ ಕೃಷಿಕರನ್ನು ಒಂದುಗೂಡಿಸಬೇಕೆಂಬ ಚಿಂತನೆ ಅರ್ಥಪೂರ್ಣವಾದುದು ಈ ಹಿನ್ನೆಲೆಯಲ್ಲಿಯೇ.

ಅಡಿಕೆ ಸಸಿ ನೆಟ್ಟು ಫಸಲು ಕಾಣಲು 5ರಿಂದ 7 ವರ್ಷ ಬೇಕು. ಭತ್ತದ ಗದ್ದೆಯವನು ಮುಂದಿನ ಋತುವಿಗೆ ಬೆಳೆ ಬದಲಿಸಬಲ್ಲನು. ತೋಟದವನಿಗೆ ಅದು ಸಾಧ್ಯವಿಲ್ಲ. ಧಾರಣೆ ಕುಸಿದರೂ ಮದ್ದು ಬಿಡಿಸಬೇಕು, ನೀರುಣಿಸಬೇಕು, ಕೊಯ್ಲು ಮಾಡಿಸಬೇಕು. 1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ತೀವ್ರವಾಗಿ ಕುಸಿದಾಗ ಬೆಳೆಗಾರರು ಈ ಇಕ್ಕಟ್ಟಿಗೆ ಸಿಲುಕಿದರು. ಅಂಗಳದಲ್ಲಿ ಒಣಗಿಸಿದ ಚಾಲಿ ಅಡಿಕೆಯನ್ನು ಸಾಲ ತೀರಿಸುವ ಅವಸರದಲ್ಲಿ ಸಿಕ್ಕಿದ ಬೆಲೆಗೆ ಕೊಡುವುದು ಅನಿವಾರ್ಯವಾಯಿತು.

1973ರ ಹೆಜ್ಜೆ

ಈ ಸಂಕಷ್ಟದ ನಡುವೆ ಭಟ್ಟರು ಬೆಳೆಗಾರರನ್ನು ಸಂಘಟಿಸುವ ಕಾರ್ಯಕ್ಕೆ ಮುಂದಾದರು. ಅದರ ಫಲವಾಗಿ 1973ರ ಜುಲೈ 11ರಂದು ಮಂಗಳೂರನ್ನು ಕೇಂದ್ರವಾಗಿರಿಸಿಕೊಂಡು ಕ್ಯಾಂಪ್ಕೋ ಸ್ಥಾಪನೆಯಾಯಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರನ್ನು ಒಳಗೊಂಡ ಬಹುರಾಜ್ಯ ಸಹಕಾರಿ ಸಂಸ್ಥೆ ಇದು.

ಇದರ ಕಾರ್ಯವಿಧಾನವನ್ನು ನೀವು ಗಮನಿಸಬೇಕು. ಸಂಸ್ಥೆಯು ಪೇಟೆಯ ಅಡಿಕೆಯೆಲ್ಲವನ್ನೂ ತಾನೇ ಖರೀದಿಸಬೇಕಾಗಿಲ್ಲ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿ, ಕರಿಗೋಟು ಎಂಬ ವಿಂಗಡಣೆಯಂತೆ ದರ ಪ್ರಕಟಿಸಿ, ಆ ದರದಲ್ಲಿ ಖರೀದಿಗೆ ಸಿದ್ಧವಾಗಿ ನಿಂತರೆ, ಇತರ ಖರೀದಿದಾರರೂ ಅದಕ್ಕೆ ಸಮೀಪದ ಬೆಲೆ ನೀಡಬೇಕಾಗುತ್ತದೆ. ಆದುದರಿಂದ ಸದಸ್ಯರಲ್ಲದ ಕೃಷಿಕರಿಗೂ ಇದರ ಫಲ ದೊರೆಯುತ್ತದೆ. ಆದರೆ ಸದಸ್ಯರು ತಮ್ಮ ಸಂಸ್ಥೆಗೆ ಅಡಿಕೆ ಕೊಡದೆ ದರ ಕೇಳಲು ಮಾತ್ರ ಅದನ್ನು ಬಳಸಿಕೊಂಡರೆ ಸಂಸ್ಥೆ ಬಲಗೊಳ್ಳದು ಎಂಬುದೂ ಅಷ್ಟೇ ಸತ್ಯ.

ಕೊಕ್ಕೋ ಕಲಿಸಿದ ಪಾಠ

ದಕ್ಷಿಣ ಅಮೆರಿಕದ ಕಾಡುಗಳ ನೆರಳಿನಲ್ಲಿ ಹುಟ್ಟಿದ ಕೊಕ್ಕೋ, ಅಡಿಕೆ ತೋಟದ ನೆರಳಿಗೆ ಚೆನ್ನಾಗಿ ಹೊಂದಿಕೊಂಡಿತು. ಖಾಸಗಿ ಚಾಕೊಲೇಟ್ ಉದ್ಯಮದ ಬೇಡಿಕೆಯನ್ನು ನಂಬಿ 1970ರ ದಶಕದಲ್ಲಿ ಅನೇಕರು ಅದನ್ನು ಉಪಬೆಳೆಯಾಗಿ ಬೆಳೆದರು. ಗಿಡ ಚೆನ್ನಾಗಿ ಬಂತು, ಕಾಯಿಯೂ ಹಿಡಿಯಿತು. ಆದರೆ 1979-80ರ ಹೊತ್ತಿಗೆ ಬೆಲೆ ಕುಸಿದು ಖರೀದಿ ಕುಗ್ಗಿತು.

ಅಡಿಕೆಯನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಕೊಕ್ಕೋ ಹಾಗಲ್ಲ. ಹಣ್ಣು ಒಡೆದು ತೆಗೆದ ಹಸಿ ಬೀಜವನ್ನು ತಡಮಾಡದೆ ಹುದುಗಿಸಬೇಕು. ಸುಮಾರು 6 ದಿನ ಹುದುಗಿಸಿ, ನಡುವೆ ಮಗುಚಿ, ಅನಂತರ ಒಣಗಿಸಬೇಕು. ಮಳೆಗಾಲದಲ್ಲಿ ಇದು ಸಣ್ಣ ಹಿಡುವಳಿದಾರನಿಗೆ ಕಷ್ಟಸಾಧ್ಯ. ಹಸಿ ಬೀಜ ಕೊಳ್ಳುವವರಿಲ್ಲದಿದ್ದರೆ ಬೆಳೆ ತೋಟದಲ್ಲಿಯೇ ಕೊಳೆಯುತ್ತದೆ. ಬೇಸತ್ತ ಹಲವರು ಗಿಡಗಳನ್ನೇ ಕಡಿದುಹಾಕಿದರು.

ಆಗ ಭಟ್ಟರ ನೇತೃತ್ವದ ಕ್ಯಾಂಪ್ಕೋ ಕೊಕ್ಕೋ ಖರೀದಿಗೂ ಇಳಿಯಿತು. ಬೀಜ ಕೊಂಡರಷ್ಟೇ ಸಾಲದು, ಅದನ್ನು ಬಳಸುವ ಕಾರ್ಖಾನೆಯೂ ಬೆಳೆಗಾರರದೇ ಆಗಿರಬೇಕೆಂಬುದು ಮುಂದಿನ ಹೆಜ್ಜೆಯಾಯಿತು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ನಿರ್ಮಾಣಗೊಂಡು, 1986ರಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರಿಂದ ಉದ್ಘಾಟನೆಗೊಂಡಿತು. ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯೊಂದು ಚಾಕೊಲೇಟ್ ತಯಾರಿಕೆಗೆ ಇಳಿದುದು ಸಾಹಸವೇ ಸರಿ. ಭಟ್ಟರು ಇಂದಿಲ್ಲ, ಕಾರ್ಖಾನೆ ನಡೆಯುತ್ತಿದೆ, ನಿಮ್ಮ ಹಸಿ ಬೀಜಕ್ಕೆ ಖರೀದಿ ಕೇಂದ್ರಗಳಿವೆ.

ಇಂದು ನೀವು ಮಾಡಬೇಕಾದುದು

ಸುಳ್ಯದ ಸಂಪಾಜೆ, ಅರಂತೋಡು ಭಾಗಗಳಲ್ಲಿ ಅಡಿಕೆಯ ಹಳದಿ ಎಲೆ ರೋಗ ತೋಟಗಳನ್ನು ಸೊರಗಿಸಿದೆ. ಅದನ್ನು ಗುಣಪಡಿಸುವ ಔಷಧಿ ಇಲ್ಲ. ಪರ್ಯಾಯ ಬೆಳೆಯ ಹುಡುಕಾಟ ಸಹಜವಾದುದೇ. ರಂಬುಟಾನ್, ಮ್ಯಾಂಗೋಸ್ಟೀನ್, ಡ್ರ್ಯಾಗನ್ ಹಣ್ಣುಗಳ ಜೊತೆಗೆ ಕಿವಿ ಹಣ್ಣಿನ ಬಗೆಗೂ ವಿಚಾರಣೆಗಳಿವೆ. ಹೊಸ ಬೆಳೆಗೆ ಹಣ ಹೂಡುವ ಮುನ್ನ ಈ ಅಂಶಗಳನ್ನು ಪರಿಶೀಲಿಸಿ.

1. ಹವಾಮಾನ: ಕಿವಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ, ದೀರ್ಘಕಾಲ ಶೀತದಲ್ಲಿ ವಿಶ್ರಮಿಸಿದರೆ ಮಾತ್ರ ಚೆನ್ನಾಗಿ ಹೂ ಬಿಡುತ್ತದೆ. ನಮ್ಮ ಮೂರು ತಾಲ್ಲೂಕುಗಳಲ್ಲಿ ಅಂತಹ ಚಳಿ ಇಲ್ಲ. ವಾಣಿಜ್ಯ ಬೆಳೆಯಾಗಿ ಇದನ್ನು ಇಲ್ಲಿ ನೆಡಬೇಡಿ.

2. ಸಸಿ: ಬೀಜದಿಂದಾದ ರಂಬುಟಾನ್ ಸಸಿಗಳಲ್ಲಿ ಗಂಡು ಮರಗಳೂ ಬರುತ್ತವೆ. ಗುರುತಿರುವ ತಾಯಿಮರದ ಕಸಿ ಸಸಿಗಳನ್ನೇ ಕೊಳ್ಳಿರಿ.

3. ಖರೀದಿದಾರ: ಹಣ್ಣನ್ನು ಎಷ್ಟು ದಿನ ಕೆಡದಂತೆ ಇಡಬಹುದು, ಕೊಳ್ಳುವವರು ಎಷ್ಟು ಮಂದಿ ಎಂಬುದನ್ನು ತಿಳಿಯಿರಿ. ಒಬ್ಬನೇ ಖರೀದಿದಾರನನ್ನು ನಂಬಿ ತೋಟ ವಿಸ್ತರಿಸಬೇಡಿ.

4. ಮುಖ್ಯ ಬೆಳೆ, ಉಪಬೆಳೆ: ರೋಗವಿಲ್ಲದ ಅಡಿಕೆ ತೋಟ ತೆಗೆಯದೆ ನಡುವೆ ಕೊಕ್ಕೋ ಬೆಳೆಸಬಹುದು. ಅಡಿಕೆಗೆ 9 ಅಡಿ ಅಂತರವಿದ್ದಲ್ಲಿ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ನಾಲ್ಕು ಮರಗಳ ನಡುವೆ ಒಂದು ಗಿಡದಂತೆ ನೆಡಿರಿ. ಗೆಲ್ಲುಗಳನ್ನು ಕೊಡೆಯಾಕಾರದಲ್ಲಿ ಸವರುತ್ತಿರಿ. ಮಳೆಗಾಲದಲ್ಲಿ ಕಾಯಿಕೊಳೆ ಕಂಡರೆ ರೋಗದ ಕಾಯಿಗಳನ್ನು ತೆಗೆದು, ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿರಿ.

5. ಸಂಘಟನೆ: ಹೊಸ ಹಣ್ಣನ್ನು ಬೆಳೆಯುವ ನೆರೆಹೊರೆಯವರು ಗುಂಪು ಕಟ್ಟಿ ವಿಂಗಡಣೆ, ಸಾಗಾಟ ಮತ್ತು ಮಾರಾಟವನ್ನು ಒಟ್ಟಾಗಿ ನಡೆಸಿರಿ.

ಕ್ಷೇತ್ರ ವಿಸ್ತರಣಾ ಸಿಬ್ಬಂದಿಯೂ ಸಸಿ ವಿತರಣೆಗೆ ಮುನ್ನ ಮಾರಾಟದ ವ್ಯವಸ್ಥೆಯ ಕುರಿತು ಬೆಳೆಗಾರರ ಸಭೆ ನಡೆಸುವುದು ಒಳಿತು. ಅಡಿಕೆ ಮತ್ತು ಕೊಕ್ಕೋ ತಾಂತ್ರಿಕ ಮಾಹಿತಿಗೆ ವಿಟ್ಲದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು, ಕಡಬ ತಾಲ್ಲೂಕಿನವರು ಕಿದು ಸಂಶೋಧನಾ ಕೇಂದ್ರವನ್ನು ಸಂಪರ್ಕಿಸಬಹುದು. ಬೆಳೆಯುವ ಕೌಶಲ ನಿಮ್ಮಲ್ಲಿ ಮೊದಲಿನಿಂದಲೂ ಇದೆ. ಬೆಳೆದುದನ್ನು ಒಟ್ಟಾಗಿ ಮಾರುವ ಹಾದಿಯನ್ನು ಭಟ್ಟರು ತೋರಿಸಿದ್ದಾರೆ. ಹೊಸ ಬೆಳೆಗೂ ಆ ಹಾದಿಯನ್ನೇ ಅನುಸರಿಸಿರಿ.