ಪಂಡಿತ ತಾರಾನಾಥರು ಮತ್ತು ರಾಯಚೂರಿನ ಹಮ್‌ದರ್ದ್ ಶಾಲೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯ ಹಿರಿಯರಿಗೆ ರಾಯಚೂರು ಎಂದೂ ಪರಸ್ಥಳವಾಗಿರಲಿಲ್ಲ. ಮಕ್ತಲದವರು ಕೃಷ್ಣೆಯನ್ನು ದಾಟಿದರೆ ರಾಯಚೂರು. ಗದ್ವಾಲವಂತೂ ಅದೇ ಕೃಷ್ಣಾ-ತುಂಗಭದ್ರೆಗಳ ನಡುಗಡ್ಡೆಯ ನೆಲ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದವು. ಆದುದರಿಂದ ರಾಯಚೂರಿನಲ್ಲಿ ಕನ್ನಡದ ಮಕ್ಕಳಿಗಾಗಿ ಹಚ್ಚಿದ ದೀಪವೊಂದರ ಕಥೆ ನಮ್ಮ ಸೀಮೆಯ ಕಥೆಯೂ ಹೌದು. ಆ ದೀಪ ಹಮ್‌ದರ್ದ್ ಶಾಲೆ. ಅದನ್ನು ಹಚ್ಚಿದವರು ಪಂಡಿತ ತಾರಾನಾಥರು.

ಶಾಲೆಯ ಮಹತ್ವವನ್ನು ಅರಿಯಬೇಕಾದರೆ ಅಂದಿನ ಹೈದರಾಬಾದ್ ಸಂಸ್ಥಾನದ ವಿದ್ಯಾಸ್ಥಿತಿಯನ್ನು ನೆನೆಯಬೇಕು. 1884ರಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು ಆಡಳಿತದ ಭಾಷೆಯಾಯಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನೇ ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿಕೊಂಡಿತು. ದೇಶಭಾಷೆಯೊಂದು ವಿಜ್ಞಾನ, ಕಾನೂನು, ವೈದ್ಯಗಳನ್ನು ಹೊರಬಲ್ಲದೆಂದು ತೋರಿಸಿದ್ದು ದೊಡ್ಡ ಸಾಧನೆಯೇ. ಆದರೆ ಸಂಸ್ಥಾನದ ಬಹುಪಾಲು ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡವಾಗಿತ್ತು. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಮತ್ತೊಂದು; ಮಗು ಶಾಲೆಯ ಹೊಸ್ತಿಲನ್ನು ದಾಟಿದೊಡನೆ ತಾಯಿಯ ಮಾತನ್ನು ಹೊರಗೆ ಬಿಟ್ಟು ಬರಬೇಕಾಗಿತ್ತು.

ಈ ಕೊರತೆಯನ್ನು ತುಂಬಲು ಪ್ರಜೆಗಳೇ ಮುಂದಾದರು. ಹಿಂದೂ ಸಮಾಜದ ವಕೀಲರು, ವರ್ತಕರು, ಜಹಗೀರುದಾರರು ಚಂದಾ ಕೂಡಿಸಿ ತಮ್ಮ ಹುಡುಗರಿಗಾಗಿ ಖಾಸಗಿ ಶಾಲೆಗಳನ್ನು ತೆರೆದರು. ಹೈದರಾಬಾದಿನ ವಿವೇಕವರ್ಧಿನಿ, 1907ರಲ್ಲಿ ಕಲಬುರ್ಗಿಯಲ್ಲಿ ಆರಂಭವಾದ ನೂತನ ವಿದ್ಯಾಲಯ ಈ ಬಗೆಯವು. ಕೇಶವರಾವ್ ಕೋರಟಕರ್ ಅವರಂಥ ಮುಂದಾಳುಗಳ ಶ್ರಮ ಇವುಗಳ ಹಿಂದಿತ್ತು. ಇಲ್ಲೆಲ್ಲ ಮರಾಠಿಯ ಪ್ರಭಾವವೇ ಹೆಚ್ಚು. ಮರಾಠಿ ಶಾಲೆಯ ಋಣ ನನ್ನಂಥ ಅನೇಕರ ಮೇಲಿದೆ, ಅದನ್ನು ಮರೆಯಲಾಗದು. ಆದರೂ ಕನ್ನಡದ ಹುಡುಗನಿಗೆ ಉರ್ದುವಿನ ಬದಲು ಮರಾಠಿ ದೊರೆತರೆ ಅವನ ಹಸಿವು ಅರ್ಧ ಮಾತ್ರ ತಣಿಯುತ್ತಿತ್ತು. ಸಂಸ್ಥಾನದ ಕನ್ನಡ ಜಿಲ್ಲೆಗಳಲ್ಲಿ ಕನ್ನಡಕ್ಕೆ ಸ್ವಂತ ಮನೆ ಬೇಕಾಗಿತ್ತು.

ಅಂಥ ಮನೆಯನ್ನು ಕಟ್ಟಿದವರು ದೂರದ ಕರಾವಳಿಯಿಂದ ಬಂದವರು ಎಂಬುದು ವಿಶೇಷ. ತಾರಾನಾಥರು 1891ರಲ್ಲಿ ಮಂಗಳೂರಿನಲ್ಲಿ ಜನಿಸಿದರು. ವೈದ್ಯವಿದ್ಯೆಯನ್ನು ಅರಸಿ ಹೈದರಾಬಾದಿಗೆ ಬಂದರು. ಆಯುರ್ವೇದದಲ್ಲಿ ಆಳವಾದ ಪರಿಶ್ರಮ, ಸಂಸ್ಕೃತದಲ್ಲಿ ಪಾಂಡಿತ್ಯ, ಉರ್ದು ಹಿಂದಿಗಳಲ್ಲಿ ಪ್ರಭುತ್ವ, ಸಂಗೀತದಲ್ಲಿ ರಸಿಕತೆ ಇವೆಲ್ಲವೂ ಅವರಲ್ಲಿ ಕೂಡಿಬಂದಿದ್ದವು. ಸಂಸ್ಥಾನದ ರಾಜಧಾನಿಯಲ್ಲಿ ಕಳೆದ ಕಾಲ ಅವರಿಗೆ ಎರಡು ಪಾಠಗಳನ್ನು ಕಲಿಸಿತೆನ್ನಬಹುದು. ಬೇರೆ ಧರ್ಮದವರ ನುಡಿ ಸಂಸ್ಕೃತಿಗಳು ಪ್ರೀತಿಸತಕ್ಕವು ಎಂಬುದು ಮೊದಲನೆಯದು. ಪ್ರಜೆಯ ನುಡಿಯನ್ನು ಮೂಲೆಗೆ ತಳ್ಳಿದ ಆಡಳಿತ ಪ್ರಜೆಯನ್ನೇ ಮೂಲೆಗೆ ತಳ್ಳುತ್ತದೆ ಎಂಬುದು ಎರಡನೆಯದು.

1920ರ ದಶಕದ ಆರಂಭದಲ್ಲಿ ಅವರು ರಾಯಚೂರಿನಲ್ಲಿ ಶಾಲೆಯನ್ನು ಸ್ಥಾಪಿಸಿದರು. ಅಸಹಕಾರ ಚಳವಳಿಯ ಗಾಳಿಗೆ ದೇಶದ ನಾನಾ ಕಡೆ ರಾಷ್ಟ್ರೀಯ ಶಾಲೆಗಳು ಹುಟ್ಟುತ್ತಿದ್ದ ಕಾಲವದು. ಶಾಲೆಗೆ ಅವರು ಆರಿಸಿದ ಹೆಸರಿನಲ್ಲಿಯೇ ಅವರ ಮನೋಧರ್ಮ ಅಡಗಿದೆ. ಹಿಂದೂ ಪಂಡಿತರೊಬ್ಬರು, ಕನ್ನಡದ ಹುಡುಗರ ಏಳಿಗೆಗಾಗಿ ತೆರೆದ ಶಾಲೆಗೆ ದೇವರ ಹೆಸರನ್ನಾಗಲಿ ದಾನಿಯ ಹೆಸರನ್ನಾಗಲಿ ಇಡದೆ, ಪಾರಸಿ ಮೂಲದ ಹಮ್‌ದರ್ದ್ ಎಂಬ ಪದವನ್ನು ಇಟ್ಟರು. ಒಬ್ಬರ ನೋವಿನಲ್ಲಿ ಪಾಲುಗೊಳ್ಳುವವನು ಎಂಬುದು ಅದರ ಅರ್ಥ. ಉರ್ದುವಿನ ಒತ್ತಾಯಕ್ಕೆ ಮಣಿಯದೆ ಉರ್ದುವಿನ ಸೊಬಗನ್ನು ಒಪ್ಪಿಕೊಂಡ ಈ ನಿಲುವು ಇಂದಿಗೂ ಬೆಲೆಯುಳ್ಳದ್ದು. ಕನ್ನಡದ ಮೇಲಿನ ಅಭಿಮಾನಕ್ಕೆ ಬೇರೊಂದು ನುಡಿಯ ಮೇಲಿನ ದ್ವೇಷ ಬೇಕಾಗಿಲ್ಲ ಎಂಬುದನ್ನು ಅವರು ಭಾಷಣದಿಂದಲ್ಲ, ಒಂದು ನಾಮಫಲಕದಿಂದ ತೋರಿಸಿದರು.

ಹಮ್‌ದರ್ದ್ ಶಾಲೆಯಲ್ಲಿ ಅಕ್ಷರದೊಡನೆ ದೇಶಪ್ರೇಮವೂ ಬೆಳೆಯಿತು. ಜಾತಿಭೇದವನ್ನು ತಾರಾನಾಥರು ಸಹಿಸುತ್ತಿರಲಿಲ್ಲ. ಸಹಜವಾಗಿಯೇ ಸರ್ಕಾರದ ಸಂಶಯದ ಕಣ್ಣು ಅವರ ಮೇಲೆ ಬಿದ್ದಿತು. ಸಂಸ್ಥಾನದಲ್ಲಿ ಸಾರ್ವಜನಿಕ ಸಭೆಗಳಿಗೆ ಕಟ್ಟುಪಾಡುಗಳು ಬಂದ, ಖಾಸಗಿ ಶಾಲೆಗಳಿಗೂ ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ನಿಯಮ ಜಾರಿಯಾದ ದಶಕವದು. ಅನೇಕ ಸಣ್ಣ ಶಾಲೆಗಳು ಈ ನಿಯಮದ ಭಾರಕ್ಕೆ ಕುಸಿದವು. ತಾರಾನಾಥರು ರಾಯಚೂರನ್ನು ಬಿಡಬೇಕಾಯಿತು. ಆದರೆ ಅವರು ನೆಟ್ಟ ಸಸಿ ಒಣಗಲಿಲ್ಲ; ಊರಿನವರು ಅದಕ್ಕೆ ನೀರೆರೆದರು.

ಅವರು ಬಹಳ ದೂರ ಹೋಗಲಿಲ್ಲ. ಆಗ ತುಂಗಭದ್ರೆಯೇ ಗಡಿ. ಉತ್ತರದ ದಂಡೆ ನಿಜಾಮರದು, ದಕ್ಷಿಣದ ದಂಡೆ ಮದ್ರಾಸ್ ಪ್ರಾಂತದ್ದು. ನದಿಯನ್ನು ದಾಟಿ, ತುಂಗಭದ್ರಾ ಗ್ರಾಮದ ಬಳಿ ಅವರು ಪ್ರೇಮಾಯತನ ಎಂಬ ಆಶ್ರಮವನ್ನು ಕಟ್ಟಿದರು. ಅದು ಚಿಕಿತ್ಸಾಲಯವೂ ಹೌದು, ವಿದ್ಯಾಲಯವೂ ಹೌದು, ಕಲಾವಿದರ ತಂಗುದಾಣವೂ ಹೌದು. ಪ್ರೇಮ ಎಂಬ ಪತ್ರಿಕೆಯನ್ನು ನಡೆಸಿದರು. ಧರ್ಮಸಂಭವ ಎಂಬ ಗ್ರಂಥವನ್ನು ಬರೆದರು. ಕಬೀರನನ್ನು ನಾಯಕನನ್ನಾಗಿ ಮಾಡಿ ದೀನಬಂಧು ಕಬೀರ ಎಂಬ ನಾಟಕವನ್ನು ರಚಿಸಿದರು. ನಟಶ್ರೇಷ್ಠ ಬಳ್ಳಾರಿ ರಾಘವರು ಅದರಲ್ಲಿ ಅಭಿನಯಿಸಿದರು. ಗಾಂಧೀಜಿಯವರೂ ಆ ನಾಟಕವನ್ನು ನೋಡಿದರು. ಶಾಲೆಗೆ ಹಮ್‌ದರ್ದ್ ಎಂದು ಹೆಸರಿಟ್ಟವರು ನಾಟಕಕ್ಕೆ ಕಬೀರನನ್ನು ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹಿಂದೂ ಮುಸಲ್ಮಾನರಿಬ್ಬರೂ ತಮ್ಮವನೆಂದು ಕರೆದುಕೊಂಡ ಆ ನೇಕಾರ ಕವಿ, ಮಗ್ಗದ ಊರಾದ ನಾರಾಯಣಪೇಟೆಯ ನಮಗೂ ಹತ್ತಿರದವನೇ.

ಪಂಡಿತರು 1942ರಲ್ಲಿ ತೀರಿಕೊಂಡರು. ಸಂಸ್ಥಾನದ ವಿಲೀನಕ್ಕೆ ಇನ್ನೂ ಆರು ವರ್ಷಗಳು ಉಳಿದಿದ್ದವು. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. ಪತ್ನಿ ಸುಮತಿಬಾಯಿಯವರು ಸ್ತ್ರೀಯರ ಹಕ್ಕುಗಳಿಗಾಗಿ ದುಡಿದವರು. ಮಗ ರಾಜೀವ ತಾರಾನಾಥರು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾಗಿದ್ದು, ಅಲಿ ಅಕ್ಬರ್ ಖಾನರ ಶಿಷ್ಯರಾಗಿ, ಸರೋದ್ ವಾದನದಲ್ಲಿ ಜಗತ್ತಿನ ಮನ್ನಣೆ ಪಡೆದು 2024ರಲ್ಲಿ ನಮ್ಮನ್ನಗಲಿದರು. ತಂದೆಯೇ ಅವರ ಮೊದಲ ಸಂಗೀತ ಗುರು.

ರಾಯಚೂರಿನಲ್ಲಿ ತಾರಾನಾಥರ ಹೆಸರನ್ನು ಹೊತ್ತ ಶಿಕ್ಷಣ ಸಂಸ್ಥೆ ಬೆಳೆದು, ಲಕ್ಷ್ಮೀ ವೆಂಕಟೇಶ ದೇಸಾಯಿ ಮಹಾವಿದ್ಯಾಲಯದಂಥ ಕಾಲೇಜುಗಳನ್ನು ನಡೆಸುತ್ತಿದೆ. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಅದೇ ರಾಯಚೂರಿನಲ್ಲಿ ಸೇರುವಷ್ಟು ಕನ್ನಡದ ಎಚ್ಚರ ಅಲ್ಲಿ ಮೂಡಿತ್ತಲ್ಲವೆ? ಆ ಎಚ್ಚರದ ಹಿಂದೆ ಇಂಥ ಶಾಲೆಯ ಪಾಲು ಇಲ್ಲವೆನ್ನಲಾದೀತೆ?

1956ರ ಗೆರೆ ರಾಯಚೂರನ್ನು ಅಂದಿನ ಮೈಸೂರು ರಾಜ್ಯಕ್ಕೂ ಗದ್ವಾಲವನ್ನು ಆಂಧ್ರಪ್ರದೇಶಕ್ಕೂ ಒಪ್ಪಿಸಿತು. ಗೆರೆಯ ಈಚೆಗೆ ಉಳಿದ ನಮ್ಮಲ್ಲಿ ಇಂದು ರಾಜ್ಯಭಾಷೆ ತೆಲುಗು, ಉದ್ಯೋಗದ ಭಾಷೆ ಇಂಗ್ಲಿಷ್, ಪೇಟೆಯ ಮಾತು ನಾಲ್ಕು ನುಡಿಗಳ ಬೆರಕೆ. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಇನ್ನೂ ಉಸಿರಾಡುತ್ತಿವೆ. ಅಲ್ಲಿಗೆ ಮಗುವನ್ನು ಕಳುಹಿಸುವ ತಂದೆತಾಯಿಗಳ ಮುಂದಿರುವ ಪ್ರಶ್ನೆ ನೂರು ವರ್ಷಗಳ ಹಿಂದಿನದೇ: ಮನೆಯ ಮಾತಿನಲ್ಲಿ ಕಲಿತ ಮಗು ಹೊರಗಿನ ಲೋಕದಲ್ಲಿ ಬದುಕಬಲ್ಲುದೆ? ತಾರಾನಾಥರ ಬಾಳು ಅದಕ್ಕೆ ಒಂದು ಉತ್ತರ. ಅನೇಕ ನುಡಿಗಳನ್ನು ಬಲ್ಲವರೇ ಕನ್ನಡಕ್ಕಾಗಿ ಶಾಲೆ ಕಟ್ಟಿದರು. ಬಹುಭಾಷೆಯ ಈ ನೆಲದಲ್ಲಿ ಕನ್ನಡವನ್ನು ಆರಿಸಿಕೊಂಡ ನಮ್ಮ ವಿಭಾಗದ ವಿದ್ಯಾರ್ಥಿಗಳು ತೆಲುಗು, ಉರ್ದು, ಮರಾಠಿಗಳನ್ನೂ ಆದರದಿಂದ ಕಲಿಯಲಿ. ರಾಯಚೂರಿಗೆ ಹೋದಾಗ ಒಮ್ಮೆ ಆ ಶಾಲೆಯ ಮುಂದೆ ನಿಂತು ಅದರ ಹೆಸರನ್ನು ಓದಲಿ.