ಸಂಸಾರಿಗಳ ಸಂತ ದೇವಸಹಾಯಂ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ಧರ್ಮಕೇಂದ್ರಕ್ಕಾಗಿ ದುಡಿದ ಗುರುವರ್ಯರನ್ನೂ ಕನ್ಯಾಸ್ತ್ರೀಯರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಇದು ಯುಕ್ತವಾದುದೇ. ಆದರೆ ವಿಶ್ವಾಸದ ದೀಪವು ಒಂದು ಮನೆಯಿಂದ ಮತ್ತೊಂದು ಮನೆಗೆ ಸಾಗಿಬರುವುದು ಉಪದೇಶ ಪೀಠದಿಂದ ಮಾತ್ರವಲ್ಲ. ಸಂಸಾರಿಗಳಾದ ಸಾಮಾನ್ಯ ಜನರ ನಡೆನುಡಿಯಿಂದಲೂ ಅದು ಬೆಳಗುತ್ತ ಬಂದಿದೆ. ಈ ಸತ್ಯವನ್ನು ಮನಗಾಣಲು ನಮ್ಮ ದಕ್ಷಿಣ ದೇಶದವರೇ ಆದ ಸಂತ ದೇವಸಹಾಯಂ ಅವರ ಜೀವನಕ್ಕಿಂತ ಉತ್ತಮ ನಿದರ್ಶನ ಬೇರೊಂದಿಲ್ಲ.

ಅವರು ಜನಿಸಿದ್ದು 1712ರ ಏಪ್ರಿಲ್ 23ರಂದು, ಆಗಿನ ತಿರುವಾಂಕೂರು ರಾಜ್ಯದ ನಟ್ಟಾಲಂ ಗ್ರಾಮದಲ್ಲಿ. ಈಗ ಅದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದೆ. ಪ್ರತಿಷ್ಠಿತ ನಾಯರ್ ಮನೆತನದಲ್ಲಿ ಹುಟ್ಟಿದ ಅವರಿಗೆ ತಂದೆತಾಯಿಗಳು ಇಟ್ಟ ಹೆಸರು ನೀಲಕಂಠ ಪಿಳ್ಳೆ. ಪ್ರಾಯಕ್ಕೆ ಬಂದ ಮೇಲೆ ಮಹಾರಾಜ ಮಾರ್ತಾಂಡ ವರ್ಮನ ಅರಮನೆಯ ಸೇವೆಗೆ ಸೇರಿ, ಪದ್ಮನಾಭಪುರದಲ್ಲಿ ಅಧಿಕಾರಿಯಾದರು. ಭಾರ್ಗವಿ ಎಂಬ ಕನ್ಯೆಯನ್ನು ವರಿಸಿ ಗೃಹಸ್ಥರಾದರು. ಪದವಿ, ಮಾನ, ಮನೆಮಾರು ಯಾವುದಕ್ಕೂ ಕೊರತೆಯಿರಲಿಲ್ಲ.

ಇಂಥವರ ಬಾಳಿನಲ್ಲಿ ತಿರುವು ತಂದವರು ಮಠದ ಸನ್ಯಾಸಿಯಲ್ಲ, ಸೇನಾನಿಯೊಬ್ಬರು. 1741ರಲ್ಲಿ ಕೊಳಚಲ್ ಎಂಬಲ್ಲಿ ನಡೆದ ಯುದ್ಧದಲ್ಲಿ ತಿರುವಾಂಕೂರಿನ ಸೈನ್ಯವು ಡಚ್ಚರನ್ನು ಸೋಲಿಸಿತು. ಸೆರೆ ಸಿಕ್ಕವರಲ್ಲಿ ಡಿ ಲನಾಯ್ ಎಂಬ ಕಥೋಲಿಕ ಅಧಿಕಾರಿಯೂ ಇದ್ದರು. ಅವರ ಯೋಗ್ಯತೆಯನ್ನು ಅರಿತ ಮಹಾರಾಜನು ತನ್ನ ಸೈನಿಕರಿಗೆ ತರಬೇತಿ ನೀಡುವ ಹೊಣೆಯನ್ನು ಅವರಿಗೇ ವಹಿಸಿದನು. ಹೀಗೆ ಒಂದೇ ರಾಜಸೇವೆಯಲ್ಲಿದ್ದ ನೀಲಕಂಠರಿಗೂ ಡಿ ಲನಾಯ್‌ರಿಗೂ ಸ್ನೇಹ ಬೆಳೆಯಿತು.

ಆ ಕಾಲದಲ್ಲಿ ನೀಲಕಂಠರ ಮನೆಯನ್ನು ಕಷ್ಟಗಳು ಒಂದರ ಮೇಲೊಂದರಂತೆ ಮುತ್ತಿದವೆಂದೂ, ಆಸ್ತಿಪಾಸ್ತಿ ನಷ್ಟವಾಗಿ ಅವರು ಎದೆಗುಂದಿದ್ದರೆಂದೂ ಪರಂಪರೆ ತಿಳಿಸುತ್ತದೆ. ಗೆಳೆಯನ ಬಾಡಿದ ಮುಖವನ್ನು ಕಂಡ ಡಿ ಲನಾಯ್ ವಾದಕ್ಕೆ ಇಳಿಯಲಿಲ್ಲ, ಯಾರ ಧರ್ಮವನ್ನೂ ಹಳಿಯಲಿಲ್ಲ. ಸರ್ವಸ್ವವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆಯನ್ನು ಹೇಳಿದರು. ನೊಂದ ಮನಸ್ಸಿಗೆ ಅದು ಮಳೆಹನಿಯಂತಾಯಿತು. ಅಂದಿನಿಂದ ನೀಲಕಂಠರು ಪ್ರಭು ಯೇಸುಕ್ರಿಸ್ತರ ಕುರಿತು ಕೇಳಿ ತಿಳಿಯತೊಡಗಿದರು. ಇದನ್ನು ನಾವು ಗಮನಿಸಬೇಕು. ಭಾರತದ ಮಹಾ ರಕ್ತಸಾಕ್ಷಿಯೊಬ್ಬರ ವಿಶ್ವಾಸವು ಮೊಳೆತದ್ದು, ಉದ್ಯೋಗದ ಸ್ಥಳದಲ್ಲಿ ಇಬ್ಬರು ಗೃಹಸ್ಥರು ಸುಖದುಃಖ ಹಂಚಿಕೊಳ್ಳುತ್ತಿದ್ದಾಗ!

1745ರ ಮೇ 14ರಂದು, ರಾಜ್ಯದ ಗಡಿಯಾಚೆಯ ವಡಕ್ಕನ್‌ಕುಳಂ ಎಂಬ ಊರಿನಲ್ಲಿ, ಯೇಸುಸಭೆಯ ಬುಟ್ಟಾರಿ ಸ್ವಾಮಿಗಳಿಂದ ಅವರು ಜ್ಞಾನಸ್ನಾನ ಪಡೆದರು. ಲಾಜರನೆಂಬ ಹೆಸರಿನ ಅರ್ಥವನ್ನೇ ತಳೆದ ದೇವಸಹಾಯಂ ಎಂಬ ನಾಮಧೇಯ ಅವರದಾಯಿತು. ಅವರು ಮೊದಲು ಸಾಕ್ಷಿ ನುಡಿದದ್ದು ಸ್ವಂತ ಮನೆಯಲ್ಲಿ. ಪತ್ನಿಯೂ ಕ್ರಿಸ್ತರನ್ನು ಅರಿತು ಜ್ಞಾನಸ್ನಾನ ಹೊಂದಿ ಜ್ಞಾನಪೂ, ಎಂದರೆ ಜ್ಞಾನದ ಹೂವು, ಎನಿಸಿಕೊಂಡರು.

ಮುಂದಿನ ನಾಲ್ಕು ವರ್ಷ ಅವರು ತಮ್ಮ ಉದ್ಯೋಗವನ್ನು ಬಿಡಲಿಲ್ಲ, ಕಾವಿ ತೊಡಲಿಲ್ಲ. ಸಹೋದ್ಯೋಗಿಗಳೊಡನೆ, ನೆರೆಹೊರೆಯವರೊಡನೆ ತಾವು ಕಂಡ ಬೆಳಕನ್ನು ಹಂಚಿಕೊಂಡರು. ಆ ಕಾಲದ ಸಮಾಜದಲ್ಲಿ ಕೆಳಗಿನವರೆಂದು ಎಣಿಸಲ್ಪಟ್ಟವರು ದಾರಿಯಲ್ಲಿ ದೂರ ಸರಿದು ನಿಲ್ಲಬೇಕಾಗಿತ್ತು. ದೇವಸಹಾಯಂ ಅವರಾದರೋ ಎಲ್ಲರೂ ಒಬ್ಬನೇ ತಂದೆಯ ಮಕ್ಕಳೆಂದು ಸಾರಿದ್ದಲ್ಲದೆ, ಅಂಥವರೊಡನೆ ಕುಳಿತು ಉಂಡರು. ಬಾಯಿಯ ಬೋಧನೆಯನ್ನು ಸಹಿಸಿಕೊಳ್ಳುವ ಸಮಾಜವೂ ಎಲೆಯ ಮುಂದಿನ ಸಮಾನತೆಯನ್ನು ಸಹಿಸಲಾರದು. ಮೇಲ್ವರ್ಗದ ಪ್ರಮುಖರ ಕೋಪ ಕೆರಳಿತು. ರಾಜದ್ರೋಹ, ಗೂಢಚರ್ಯೆ ಎಂಬ ಸುಳ್ಳು ಆಪಾದನೆಗಳನ್ನು ಹೊರಿಸಿ, ಪದವಿಯನ್ನು ಕಸಿದು, 1749ರಲ್ಲಿ ಅವರನ್ನು ಸೆರೆಗೆ ತಳ್ಳಲಾಯಿತು.

ಅವರು ಅನುಭವಿಸಿದ ಹಿಂಸೆಯು ಸುಮಾರು ಮೂರು ವರ್ಷಗಳದ್ದು. ಕೈಗೆ ಕೋಳ ತೊಡಿಸಿ, ಕೋಣದ ಮೇಲೆ ಹಿಂದುಮುಂದಾಗಿ ಕೂರಿಸಿ, ಊರೂರುಗಳಲ್ಲಿ ಮೆರವಣಿಗೆ ಮಾಡಿದರು. ಹೊಡೆತದ ಗಾಯಗಳಿಗೆ ಖಾರದ ಪುಡಿ ಸವರಿದರೆಂದು ಜನರು ಇಂದಿಗೂ ಕಣ್ಣೀರಿನಿಂದ ನೆನೆಯುತ್ತಾರೆ. ವಿಶ್ವಾಸವನ್ನು ತೊರೆದರೆ ಬಿಡುಗಡೆ ದೊರೆಯುತ್ತಿತ್ತು; ಅವರು ತೊರೆಯಲಿಲ್ಲ. ಪೀಡಿಸುವವರ ಉದ್ದೇಶವಾದರೂ ತಲೆಕೆಳಗಾಯಿತು. ಅವಮಾನಿತನನ್ನು ನೋಡಲು ಬಂದ ಹಳ್ಳಿಗರು ಅವರ ತಾಳ್ಮೆಯನ್ನು ಕಂಡು ಬೆರಗಾದರು; ತಮ್ಮ ಸಂಕಟಗಳನ್ನು ತೋಡಿಕೊಂಡು ಪ್ರಾರ್ಥನೆಯ ನೆರವು ಬೇಡಿದರು. ಕಟ್ಟಿಹಾಕಿದ ಸ್ಥಳವೇ ಸಾಂತ್ವನದ ಪೀಠವಾಯಿತು.

ಕಡೆಗೆ 1752ರ ಜನವರಿ 14ರಂದು ಆರಲ್‌ವಾಯ್‌ಮೊಳಿಯ ಸಮೀಪದ ಕಾಟ್ಟಾಡಿಮಲೆಯಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಕಾಡಿನಲ್ಲಿ ಎಸೆಯಲ್ಪಟ್ಟ ದೇಹದ ಅವಶೇಷಗಳನ್ನು ವಿಶ್ವಾಸಿಗಳು ಹುಡುಕಿ ತಂದು, ಕೋಟ್ಟಾರಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇವಾಲಯದಲ್ಲಿ ಭಕ್ತಿಯಿಂದ ಸಮಾಧಿ ಮಾಡಿದರು. ಅದೀಗ ಆ ಧರ್ಮಪ್ರಾಂತ್ಯದ ಪ್ರಧಾನಾಲಯವಾಗಿದೆ.

ಧರ್ಮಸಭೆಯು 2012ರ ಡಿಸೆಂಬರ್ 2ರಂದು ನಾಗರಕೋಯಿಲಿನಲ್ಲಿ ಅವರನ್ನು ಪುನೀತರೆಂದು ಸಾರಿತು. 2022ರ ಮೇ 15ರಂದು ರೋಮ್ ನಗರದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರ ಪಂಕ್ತಿಗೆ ಸೇರಿಸಿದರು. ಗುರುದೀಕ್ಷೆಯಾಗಲಿ ಸನ್ಯಾಸವಾಗಲಿ ಪಡೆಯದೆ, ಸಾಮಾನ್ಯ ವಿಶ್ವಾಸಿಯಾಗಿಯೇ ಸಂತಪದವಿಗೇರಿದ ಭಾರತೀಯರಲ್ಲಿ ಅವರೇ ಮೊದಲಿಗರು. ಆ ಘೋಷಣೆಯಲ್ಲಿ ಅವರ ಹೆಸರಿನೊಂದಿಗೆ ಜಾತಿಸೂಚಕ ಪದವನ್ನು ಸೇರಿಸದೆ ಬಿಟ್ಟದ್ದು ಅವರ ಬಾಳಿಗೆ ಸಂದ ನಿಜವಾದ ಗೌರವ.

ಲೋಕದ ನಡುವೆ ಬಾಳುವ ವಿಶ್ವಾಸಿಗಳೆಲ್ಲರೂ ಪ್ರೇಷಿತಕಾರ್ಯದಲ್ಲಿ ಪಾಲುಗಾರರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಬೋಧಿಸಿತು. ಅದಕ್ಕೆ ಇನ್ನೂರು ವರ್ಷ ಮೊದಲೇ ದೇವಸಹಾಯಂ ಅದನ್ನು ಬಾಳಿ ತೋರಿಸಿದ್ದರು. ನಾವೂ ನಮ್ಮನ್ನೇ ಕೇಳಿಕೊಳ್ಳೋಣ. ಭಾನುವಾರ ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುವ ನಾವು, ಸೋಮವಾರ ಒಬ್ಬರ ಮನೆಯಲ್ಲಿ ಒಬ್ಬರು ಕುಳಿತು ಉಣ್ಣುತ್ತೇವೆಯೇ? ಮದುವೆಯ ಮಾತುಕತೆಯಲ್ಲಿ ಮೊದಲು ಕೇಳುವುದು ಜಾತಿಯನ್ನೋ, ಗುಣವನ್ನೋ? ಎದೆಗುಂದಿದ ಸಹೋದ್ಯೋಗಿಯನ್ನು ಕಂಡಾಗ ಅವನ ಬಳಿ ಕೂರಲು ನಮಗೆ ಬಿಡುವಿದೆಯೇ? ನೂರು ವರ್ಷಗಳ ದೇವಾಲಯಕ್ಕೆ ನಾವು ಸಲ್ಲಿಸಬೇಕಾದ ಕಾಣಿಕೆ ಈ ಪ್ರಶ್ನೆಗಳ ಉತ್ತರದಲ್ಲಿದೆ.

ಸಂತ ದೇವಸಹಾಯಂ ಅವರ ಹಬ್ಬವು ಜನವರಿ 14ರಂದು, ಕನ್ನಡ ನಾಡು ಸಾಮಾನ್ಯವಾಗಿ ಸಂಕ್ರಾಂತಿಯ ಎಳ್ಳುಬೆಲ್ಲ ಹಂಚುವ ದಿನದಂದೇ ಬರುತ್ತದೆ. ನೆರೆಮನೆಯ ಬಾಗಿಲುಗಳು ತೆರೆದಿರುವ ಆ ದಿನ, ನಮ್ಮ ವಿಶ್ವಾಸವೂ ಒಳ್ಳೆಯ ಮಾತಾಗಿ, ಒಳ್ಳೆಯ ನಡತೆಯಾಗಿ ಹೊಸ್ತಿಲು ದಾಟಲಿ. ಅದಕ್ಕೆ ಬೇಕಾದ ಧೈರ್ಯವನ್ನು ಅವರ ಬಿನ್ನಹದ ಮೂಲಕ ಪ್ರಭುವು ನಮ್ಮೆಲ್ಲರಿಗೂ ದಯಪಾಲಿಸಲಿ.